ಮುತ್ತಜ್ಜ ಓದಿದ ಅಲೋಶಿಯಸ್: ಕಾಲೇಜೋ, ಹೈಸ್ಕೂಲೋ?

ಪ್ರಶ್ನೆ: ನಮ್ಮದು ಪುತ್ತೂರು ಕಡೆಯ ಹವ್ಯಕ ಕುಟುಂಬ. ನನ್ನ ಮುತ್ತಜ್ಜ 1880ರ ದಶಕದ ಕೊನೆಗೆ ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ಓದಿ ಮೆಟ್ರಿಕ್ ಪಾಸು ಮಾಡಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ದೊಡ್ಡಪ್ಪ ಅದು ಕಾಲೇಜು ಅನ್ನುತ್ತಾರೆ, ಅಪ್ಪ ಹೈಸ್ಕೂಲ್ ಅನ್ನುತ್ತಾರೆ. ಯಾರದ್ದು ಸರಿ? ಇಟಲಿಯ ಪಾದ್ರಿಗಳು ಅಷ್ಟು ದೂರದಿಂದ ಬಂದು ಇಲ್ಲೇ ಯಾಕೆ ಶಾಲೆ ತೆರೆದರು? ಮತಾಂತರಕ್ಕೆ ಅಂತ ಕೆಲವರು ಹೇಳುತ್ತಾರೆ. ಹಾಗಿದ್ದರೆ ನಮ್ಮ ಹಿರಿಯರು ಹುಡುಗನನ್ನು ಅಲ್ಲಿಗೆ ಕಳಿಸಿದ್ದು ಹೇಗೆ?

ಉತ್ತರ: ಮೊದಲು ಮನೆಯ ಜಗಳ ಮುಗಿಸೋಣ. ದೊಡ್ಡಪ್ಪ ಹೇಳುವುದು ಬೋರ್ಡಿನ ಮೇಲಿದ್ದ ಹೆಸರು, ಅಪ್ಪ ಹೇಳುವುದು ಒಳಗೆ ನಡೆಯುತ್ತಿದ್ದ ಪಾಠ. ಇಬ್ಬರದ್ದೂ ಸರಿ. ಅಲೋಶಿಯಸ್ ನಡೆಸುತ್ತಿದ್ದವರು ಜೆಸ್ವಿತ್ ಎಂಬ ಕ್ಯಾಥೊಲಿಕ್ ಸಭೆಯ ಪಾದ್ರಿಗಳು. ಆ ಕಾಲದಲ್ಲಿ ಅವರ ಬಾಯಲ್ಲಿ 'ಕಾಲೇಜು' ಅಂದರೆ ಸಣ್ಣ ತರಗತಿಯಿಂದ ಹಿಡಿದು ಮೇಲಿನವರೆಗೆ ಒಂದೇ ಆಡಳಿತದಲ್ಲಿ ನಡೆಯುವ ಇಡೀ ವಿದ್ಯಾಸಂಸ್ಥೆ ಎಂದು ಅರ್ಥ. ಯುರೋಪಿನಲ್ಲಿ ಅವರು 16ನೇ ಶತಮಾನದಿಂದಲೂ ಹಾಗೇ ಕರೆಯುತ್ತಿದ್ದರು. ಹತ್ತು ವರ್ಷದ ಹುಡುಗನೂ 'ಕಾಲೇಜಿಗೆ' ಹೋಗುತ್ತಿದ್ದ. ಅಲೋಶಿಯಸ್ ಕಾಲೇಜು ಎಂಬ ಹೆಸರಿನಲ್ಲೇ ಶುರುವಾಯಿತು, ಆದರೆ ಮೊದಲ ಎರಡು ವರ್ಷ ಅಲ್ಲಿ ನಡೆದದ್ದೆಲ್ಲ ಶಾಲೆಯ ಪಾಠ. ಕಾಲೇಜು ತರಗತಿಗಳು ಆಮೇಲೆ ಅದರ ತಲೆಯ ಮೇಲೆ ಬಂದವು. ನಿಮ್ಮ ಮುತ್ತಜ್ಜ ಮೆಟ್ರಿಕ್‌ಗೆ ನಿಲ್ಲಿಸಿದ್ದರೆ ಅವರು ಓದಿದ್ದು ಹೈಸ್ಕೂಲ್ ವಿಭಾಗದಲ್ಲಿ.

ಇಟಲಿಯವರು ಯಾಕೆ ಬಂದರು ಎಂಬ ಪ್ರಶ್ನೆ ಇದಕ್ಕಿಂತ ರುಚಿಯಾದದ್ದು. ಒಂದೇ ಮಾತಿನಲ್ಲಿ ಹೇಳಬೇಕಾದರೆ, ಅವರನ್ನು ಊರವರು ಕರೆಸಿಕೊಂಡರು. ಅದೂ ಒಂದೇ ಸಲ ಕೇಳಿ ಆದದ್ದಲ್ಲ. ರೋಮಿಗೆ ಅರ್ಜಿ ಮೇಲೆ ಅರ್ಜಿ ಹಾಕಿ, ಕಾದು, ಮತ್ತೆ ಹಾಕಿ ಕರೆಸಿಕೊಂಡದ್ದು. ಶಾಲೆಯ ಕಥೆ ಹೇಳುವಾಗ ಎಲ್ಲರೂ ಹಡಗು ಇಳಿದ ಪಾದ್ರಿಗಳಿಂದ ಶುರು ಮಾಡುತ್ತಾರೆ. ನಾನು ಅರ್ಜಿ ಬರೆದವರಿಂದ ಶುರು ಮಾಡುತ್ತೇನೆ.

ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಗೋವೆಯಿಂದ 16ನೇ ಶತಮಾನದಿಂದ ಗುಂಪು ಗುಂಪಾಗಿ ಇಳಿದು ಬಂದವರು. ಬೇಸಾಯ ಮಾಡಿದರು, ಇಗರ್ಜಿ ಕಟ್ಟಿಕೊಂಡರು. 1784ರಲ್ಲಿ ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. 1799ರಲ್ಲಿ ಅವನು ಸತ್ತ ಮೇಲೆ ಉಳಿದವರು ವಾಪಸು ಬಂದು ಬದುಕನ್ನು ಮೊದಲಿನಿಂದ ಕಟ್ಟಿದರು. ಬ್ರಿಟಿಷರ ಆಡಳಿತದಲ್ಲಿ ಒಂದೆರಡು ತಲೆಮಾರು ಕಳೆಯುವಾಗ ಕೈಯಲ್ಲಿ ನಾಲ್ಕು ಕಾಸು ಬಂದಿತ್ತು. ಗದ್ದೆ ಇದ್ದವರಿದ್ದರು, ವ್ಯಾಪಾರದವರಿದ್ದರು, ಕಲೆಕ್ಟರ್ ಕಚೇರಿ ಮತ್ತು ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡುವವರಿದ್ದರು. ಅಲ್ಲಿಂದ ಮೇಲೆ ಏರಲು ಏಣಿ ಒಂದೇ: ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದರು, ನಮ್ಮನ್ನು ಮದ್ರಾಸಿನಲ್ಲೇ ಬಿಟ್ಟರು. ಹಾಗಾಗಿ ಸುಳ್ಯದ ಹುಡುಗನೂ ಮದ್ರಾಸಿನವರು ಹಾಕಿದ ಪ್ರಶ್ನೆಗೇ ಉತ್ತರ ಬರೆಯಬೇಕಿತ್ತು, ಅದೂ ಇಂಗ್ಲಿಷಿನಲ್ಲಿ.

ಆ ಪರೀಕ್ಷೆಗೆ ತಯಾರು ಮಾಡುವ ಶಾಲೆ ಮಂಗಳೂರಿನಲ್ಲಿ ಇರಲಿಲ್ಲವೇ? ಇತ್ತು. ತೊಂದರೆ ಇದ್ದದ್ದೇ ಅಲ್ಲಿ.

ಬಾಸೆಲ್ ಮಿಶನ್‌ನವರು 1834ರಲ್ಲೇ ಬಂದಿದ್ದರು. ಅವರು ಪ್ರಾಟೆಸ್ಟೆಂಟರು, ಕ್ಯಾಥೊಲಿಕರಿಗಿಂತ ಬೇರೆ ಕ್ರೈಸ್ತ ಪಂಗಡ. 1830ರ ದಶಕ ಮುಗಿಯುವ ಮೊದಲೇ ಇಂಗ್ಲಿಷ್ ಶಾಲೆ ತೆರೆದರು. ಒಳ್ಳೆಯ ಶಾಲೆ. ಸಾರಸ್ವತ ಬ್ರಾಹ್ಮಣರ ಮಕ್ಕಳೂ ಹೋಗುತ್ತಿದ್ದರು. 1844ರಲ್ಲಿ ಆ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತೆಗೆದುಕೊಂಡು ಹರ್ಮನ್ ಕೌಂಡಿನ್ಯ ಆದರು. ಊರಿಗೆ ಊರೇ ಎದ್ದು ಕೂತಿತು. ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. 'ಮಿಶನ್ ಶಾಲೆಗೆ ಕಳಿಸಿದರೆ ಮಗ ಕೈತಪ್ಪುತ್ತಾನೆ' ಎಂಬ ಹೆದರಿಕೆಗೆ ನಮ್ಮೂರಿನಲ್ಲಿ ಒಂದು ಹೆಸರು, ಒಂದು ಇಸವಿ ಸಿಕ್ಕಿದ್ದು ಆಗ. ನಿಮ್ಮ ಪ್ರಶ್ನೆಯಲ್ಲಿರುವ ಸಂಶಯದ ಬೇರು ಅಲ್ಲಿಗೇ ಹೋಗುತ್ತದೆ.

ಆ ಹೆದರಿಕೆ ಹಿಂದೂಗಳದ್ದು ಮಾತ್ರ ಅಂತ ತಿಳಿಯಬೇಡಿ. ಬಾಸೆಲ್ ಮಿಶನ್ ಶಾಲೆಗೆ ಹೋಗಿ ನಮ್ಮ ಹುಡುಗರು ಪ್ರಾಟೆಸ್ಟೆಂಟರಾದರೆ ಎಂದು ಕ್ಯಾಥೊಲಿಕ್ ಮನೆಗಳಲ್ಲೂ ಅದೇ ಚಿಂತೆ ಇತ್ತು. ಇನ್ನೊಂದು ದಾರಿ ಸರ್ಕಾರಿ ಶಾಲೆ. 1868ರಲ್ಲಿ ಶುರುವಾಗಿ ಮುಂದೆ ಸರ್ಕಾರಿ ಕಾಲೇಜಾದ ಆ ಸಂಸ್ಥೆಯೇ ಈಗ ಹಂಪನಕಟ್ಟೆಯಲ್ಲಿರುವ ಯೂನಿವರ್ಸಿಟಿ ಕಾಲೇಜು. ಅಲ್ಲಿ ಯಾವ ಧರ್ಮದ ಪಾಠವೂ ಇಲ್ಲ. ಪಾದ್ರಿಗಳಿಗೆ ಅದೂ ರುಚಿಸದು. ಕ್ಯಾಥೊಲಿಕರದ್ದೇ ಆದ ಶಾಲೆ ಇರಲೇ ಇಲ್ಲ ಎಂದಲ್ಲ, ಮಿಲಾಗ್ರಿಸ್ ಶಾಲೆಯ ಮೂಲ 1848ಕ್ಕೆ ಹೋಗುತ್ತದೆ. ಆದರೆ ಮೆಟ್ರಿಕ್ ದಾಟಿಸಿ ಕಾಲೇಜು ಮೆಟ್ಟಿಲಿಗೆ ಹತ್ತಿಸುವಷ್ಟು ದೊಡ್ಡ ಏರ್ಪಾಡು ಇರಲಿಲ್ಲ. ಉಳ್ಳವರು ಮಕ್ಕಳನ್ನು ಮುಂಬಯಿಗೋ ಮದ್ರಾಸಿಗೋ ಕಳಿಸುತ್ತಿದ್ದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಆ ಪ್ರಯಾಣವನ್ನು ಊಹಿಸಿಕೊಳ್ಳಿ.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಹುಡುಗಿಯರಿಗೆ ಶಾಲೆ ಹುಡುಗರ ಅಲೋಶಿಯಸ್‌ಗಿಂತ ಹತ್ತು ವರ್ಷ ಮೊದಲು ಬಂತು. ಫ್ರಾನ್ಸಿನ ಬಯೋನ್‌ನಲ್ಲಿ ಮದರ್ ವೆರೋನಿಕಾ ಎಂಬವರು 1868ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಎಂಬ ಭಗಿನಿಯರ ಸಭೆ ಕಟ್ಟಿದರು. ಅವರು ಹುಟ್ಟಿದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ತಂದೆ ಆಂಗ್ಲಿಕನ್ ಪಾದ್ರಿ. ಆಮೇಲೆ ಇವರು ಕ್ಯಾಥೊಲಿಕ್ ಆದರು. ಆಗ ಮಂಗಳೂರಿನ ಕ್ಯಾಥೊಲಿಕರನ್ನು ನೋಡಿಕೊಳ್ಳುತ್ತಿದ್ದ ಬಿಷಪ್ ಮರೀ ಎಫ್ರೆಮ್ ಆ ಸಿಸ್ಟರುಗಳನ್ನು ಇಲ್ಲಿಗೆ ಕರೆಸಿದರು. 1870ರ ನವೆಂಬರ್ 19ರಂದು ಮೂವರು ಸಿಸ್ಟರುಗಳು ಮಂಗಳೂರಿಗೆ ಬಂದಿಳಿದರು. ಸಂತ ಆನ್ನಮ್ಮನ ಹೆಸರಿನ ಕಾನ್ವೆಂಟು, ಶಾಲೆ ಶುರುವಾದದ್ದು ಹಾಗೆ. ಅಲೋಶಿಯಸ್‌ನ ಮೊದಲ ತಂಡದ ಕೆಲವು ಹುಡುಗರ ಅಕ್ಕಂದಿರು ಅಷ್ಟರಲ್ಲಿ ಸೇಂಟ್ ಆನ್ಸ್‌ನಲ್ಲಿ ಓದಿ ಬಂದಿದ್ದರೂ ಆಶ್ಚರ್ಯವಿಲ್ಲ.

ಈಗ ಅರ್ಜಿಯ ಕಡೆಗೆ. ಆಗ ಮಂಗಳೂರಿನ ಕ್ಯಾಥೊಲಿಕರನ್ನು ನೋಡಿಕೊಳ್ಳುತ್ತಿದ್ದವರು ಕಾರ್ಮೆಲೈಟ್ ಸಭೆಯ ಪಾದ್ರಿಗಳು. ಅದರ ಹಿಂದೆ ಇನ್ನೊಂದು ಜಗ್ಗಾಟ. ಇಲ್ಲಿನ ಇಗರ್ಜಿಗಳ ಮೇಲೆ ಹಕ್ಕು ಪೋರ್ಚುಗಲ್ ರಾಜನ ಕೈಕೆಳಗಿನ ಗೋವೆಯದೋ, ನೇರ ರೋಮಿನದೋ ಎಂದು ದಶಕಗಟ್ಟಲೆ ಜಗಳ. ಒಂದೇ ಊರಿನ ಜನ ಎರಡು ಪಂಗಡ. ಅದರ ಒಳಹೊರಗೆ ಹೇಳುತ್ತಾ ಹೋದರೆ ಈ ಉತ್ತರ ಮುಗಿಯುವುದಿಲ್ಲ, ಬಿಟ್ಟುಬಿಡುತ್ತೇನೆ. ಕಾರ್ಮೆಲೈಟರು ಭಕ್ತಿವಂತರು, ಕಷ್ಟಪಟ್ಟವರು. ಆದರೆ ಕಾಲೇಜು ನಡೆಸುವುದು ಅವರ ಕಸುಬಲ್ಲ. ಆ ಕಸುಬು ಜೆಸ್ವಿತರದ್ದು. 1869ರಲ್ಲಿ ಮುಂಬಯಿಯಲ್ಲಿ ಜರ್ಮನ್ ಜೆಸ್ವಿತರ ಸೇಂಟ್ ಝೇವಿಯರ್ಸ್ ಕಾಲೇಜು ಶುರುವಾಗಿತ್ತು. ಅದರ ಸುದ್ದಿ ಕರಾವಳಿಗೆ ಬಾರದೆ ಇರುತ್ತದೆಯೇ? ಮಂಗಳೂರಿನ ಮುಖಂಡರು ಹಟ ಹಿಡಿದರು: ನಮಗೂ ಜೆಸ್ವಿತರೇ ಬೇಕು, ಅವರು ಬಂದರೆ ಕಾಲೇಜೂ ಬರುತ್ತದೆ.

ಆ ಹೊತ್ತಿಗೆ ಇಟಲಿಯಲ್ಲಿ ಆಗುತ್ತಿದ್ದದ್ದೂ ಇವರಿಗೆ ಅನುಕೂಲವಾಯಿತು. ಇಟಲಿ ಒಂದೇ ದೇಶವಾಗಿ ಕೂಡಿಕೊಳ್ಳುತ್ತಿದ್ದ ಕಾಲ ಅದು. ಹೊಸ ಸರ್ಕಾರಕ್ಕೂ ಪೋಪರಿಗೂ ಆಗಿಬರುತ್ತಿರಲಿಲ್ಲ. 1866ರಲ್ಲಿ ವೆನಿಸ್ ಸೀಮೆ ಇಟಲಿಗೆ ಸೇರಿದಾಗ ಅಲ್ಲಿನ ಧಾರ್ಮಿಕ ಸಭೆಗಳ ಮನೆಗಳಿಗೆ ಬೀಗ ಬಿತ್ತು. ವೆನಿಸ್ ಪ್ರಾಂತ್ಯದ ಜೆಸ್ವಿತರು ಚದುರಿಹೋದರು. ಕಲಿತ ಮೇಷ್ಟ್ರುಗಳಿದ್ದಾರೆ, ಕಲಿಸಲು ಜಾಗ ಇಲ್ಲ. ಇತ್ತ ಮಂಗಳೂರಿನಲ್ಲಿ ಹುಡುಗರಿದ್ದಾರೆ, ಮೇಷ್ಟ್ರಿಲ್ಲ. 1878ರ ಸೆಪ್ಟೆಂಬರ್ 27ರಂದು ಪೋಪ್ 13ನೇ ಲಿಯೋ ಮಂಗಳೂರು ಮಿಶನ್ನನ್ನು ಜೆಸ್ವಿತರಿಗೆ ವಹಿಸಿಕೊಟ್ಟರು. ಅದು ವೆನಿಸ್ ಪ್ರಾಂತ್ಯದವರ ಪಾಲಿಗೆ ಬಂತು. ಎರಡೂ ಕಡೆಯ ಕೊರತೆ ಹೀಗೆ ಒಂದಕ್ಕೊಂದು ಹೊಂದಿಕೊಂಡದ್ದು ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾಗುವ ಭಾಗ.

ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಮೊದಲ ತಂಡ ಮಂಗಳೂರು ಮುಟ್ಟಿತು. ಶಾಲೆ ಬಾಗಿಲು ತೆರೆದದ್ದು 1880ರ ಜನವರಿ 12ಕ್ಕೆ. ಲೆಕ್ಕ ಹಾಕಿ, ಒಂದು ವರ್ಷ, ಹನ್ನೆರಡು ದಿನ. ಅದರ ಮಧ್ಯೆ 1879ರಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯೂ ಶುರುವಾಗಿತ್ತು. ಊರು ಹೊಸದು, ಮಳೆ ಹೊಸದು, ಕೊಂಕಣಿ ತುಳು ಕನ್ನಡ ಮೂರೂ ಗೊತ್ತಿಲ್ಲ. ಅಷ್ಟು ಬೇಗ ಆದದ್ದು ಹೇಗೆ ಅಂದರೆ, ಕಟ್ಟಡಕ್ಕಾಗಿ ಕಾಯಲಿಲ್ಲ. ಕೊಡಿಯಾಲಬೈಲಿನಲ್ಲಿ ಒಂದು ಮನೆ ಹಿಡಿದು, 150 ಹುಡುಗರನ್ನು ಸೇರಿಸಿಕೊಂಡು ಪಾಠ ಶುರು ಮಾಡಿಯೇಬಿಟ್ಟರು. ನಮ್ಮ ಕಾಲದಲ್ಲಾದರೆ ಮೊದಲು ಕಟ್ಟಡ, ಆಮೇಲೆ ಗೇಟು, ಗೇಟಿಗೆ ಬೋರ್ಡು, ಕೊನೆಗೆ ಮೇಷ್ಟ್ರು. ಇವರು ತಿರುಗಾಮುರುಗಾ ಮಾಡಿದರು.

ಹೆಸರು ಯಾರದ್ದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲೋಶಿಯಸ್ ಗೊನ್ಝಾಗಾ 1568ರಲ್ಲಿ ಉತ್ತರ ಇಟಲಿಯ ಅರಸು ಮನೆತನದಲ್ಲಿ ಹುಟ್ಟಿದ ಹುಡುಗ. ಪಟ್ಟ ಬಿಟ್ಟು ಜೆಸ್ವಿತ್ ಸಭೆ ಸೇರಿದ. ರೋಮಿನಲ್ಲಿ ಪಿಡುಗು ಬಂದಾಗ ರೋಗಿಗಳ ಆರೈಕೆ ಮಾಡುತ್ತಾ ತಾನೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡ. ಆಗ ಅವನಿಗೆ 23 ವರ್ಷ. ವಿದ್ಯಾರ್ಥಿಗಳ ಪಾಲಿನ ಸಂತ ಎಂದು ಕ್ಯಾಥೊಲಿಕರು ನಂಬುತ್ತಾರೆ. ಹುಡುಗರ ಶಾಲೆಗೆ ಹುಡುಗನ ಹೆಸರು.

ಇನ್ನು ತರಗತಿಯ ಒಳಗೆ ಹೋಗೋಣ. ಇಲ್ಲಿ ಪಾದ್ರಿಗಳಿಗೆ ಇಷ್ಟಬಂದಂತೆ ಕಲಿಸುವ ಸ್ವಾತಂತ್ರ್ಯ ಇರಲಿಲ್ಲ. 1854ರ ವುಡ್ ಅವರ ಶಿಕ್ಷಣ ಸುತ್ತೋಲೆಯ ಮೇಲೆ ಬ್ರಿಟಿಷ್ ಸರ್ಕಾರ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿ ತಂದಿತ್ತು. ಹಣ ಬೇಕಾದರೆ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ನೋಡಬೇಕು, ಮಕ್ಕಳಿಂದ ಫೀಸು ತೆಗೆದುಕೊಳ್ಳಬೇಕು, ಮುಖ್ಯವಾಗಿ ಲೌಕಿಕ ವಿಷಯಗಳನ್ನು ಸರಿಯಾಗಿ ಕಲಿಸಬೇಕು. ಧರ್ಮದ ಪಾಠ ನಿಮಗೆ ಬಿಟ್ಟದ್ದು, ಅದಕ್ಕೆ ನಾವು ಕಾಸು ಕೊಡುವುದಿಲ್ಲ ಎಂಬುದು ಸರ್ಕಾರದ ಮಾತು. ಹಾಗಾಗಿ ಇಟಲಿಯ ಪಾದ್ರಿ ನಡೆಸಲಿ, ಜರ್ಮನಿಯ ಪಾದ್ರಿ ನಡೆಸಲಿ, ಊರ ಪೈಗಳು ನಡೆಸಲಿ, ಮೇಲಿನ ತರಗತಿಗಳಲ್ಲಿ ಪಾಠ ಬಹುಪಾಲು ಒಂದೇ. ಇಂಗ್ಲಿಷ್, ಎರಡನೇ ಭಾಷೆ, ಗಣಿತ, ಚರಿತ್ರೆ, ಭೂಗೋಳ, ಸ್ವಲ್ಪ ವಿಜ್ಞಾನ. ನಮ್ಮ ಅಜ್ಜಂದಿರು 'ಸಿಕ್ಸ್ತ್ ಫಾರಂ' ಅನ್ನುತ್ತಿದ್ದರಲ್ಲ, ಅದೇ ಕೊನೆಯ ತರಗತಿ, ಮೆಟ್ರಿಕ್. ಮೊದಲ ಮೂರು ಫಾರಂ ಕೆಳಗಿನ ವಿಭಾಗ, ನಾಲ್ಕರಿಂದ ಆರು ಹೈಸ್ಕೂಲ್.

ಎರಡನೇ ಭಾಷೆಯ ವಿಷಯದಲ್ಲಿ ಹುಡುಗರು ಬೇರೆ ಬೇರೆ ಬೆಂಚಿಗೆ ಹೋಗುತ್ತಿದ್ದರು. ಮದ್ರಾಸ್ ವಿಶ್ವವಿದ್ಯಾಲಯ ಕನ್ನಡವನ್ನೂ ಒಪ್ಪುತ್ತಿತ್ತು, ಸಂಸ್ಕೃತವನ್ನೂ ಲ್ಯಾಟಿನನ್ನೂ ಒಪ್ಪುತ್ತಿತ್ತು. ಪಾದ್ರಿಯಾಗುವ ಆಸೆ ಇದ್ದ ಕ್ಯಾಥೊಲಿಕ್ ಹುಡುಗನಿಗೆ ಲ್ಯಾಟಿನ್ ಎರಡು ಕೆಲಸಕ್ಕೂ ಆಯಿತು, ಪರೀಕ್ಷೆಗೂ ಪೂಜೆಗೂ. ನಿಮ್ಮ ಮುತ್ತಜ್ಜ ಬಹುಶಃ ಕನ್ನಡವೋ ಸಂಸ್ಕೃತವೋ ಬರೆದಿರಬೇಕು. ಆ ಹುಡುಗರ ಒಂದು ದಿನವನ್ನು ಸುಮ್ನೆ ಯೋಚಿಸಿ. ಮನೆಯಲ್ಲಿ ಕೊಂಕಣಿ ಅಥವಾ ಹವಿಗನ್ನಡ. ದಾರಿಯಲ್ಲಿ, ಅಂಗಡಿಯಲ್ಲಿ ತುಳು. ಕೋರ್ಟು ಕಚೇರಿಯ ಕಾಗದದಲ್ಲಿ ಕನ್ನಡ. ಪರೀಕ್ಷೆಯಲ್ಲಿ ಇಂಗ್ಲಿಷ್. ಆ ಇಂಗ್ಲಿಷನ್ನು ಕಲಿಸುವ ಪಾದ್ರಿಯ ತಾಯಿನುಡಿ ಇಟಾಲಿಯನ್! ಅವರೂ ಅದನ್ನು ಪುಸ್ತಕದಿಂದಲೇ ಕಲಿತು ಬಂದವರು. ನನಗೇನೋ ಇದು ಹುಡುಗರಿಗೆ ಒಳ್ಳೆಯದೇ ಮಾಡಿತು ಅನ್ನಿಸುತ್ತದೆ. ಪರಭಾಷೆ ಕಲಿಯುವ ಕಷ್ಟ ಗೊತ್ತಿರುವ ಮೇಷ್ಟ್ರು ವ್ಯಾಕರಣವನ್ನು ಬಿಡಿಸಿ ಹೇಳುತ್ತಾನೆ.

ಆ ಮೊದಲ ಕಾಲದ ಇಬ್ಬರನ್ನು ಹೆಸರಿಸಲೇಬೇಕು. ಒಬ್ಬರು ಆಂಜೆಲೊ ಮಾಫೆಯಿ. ಇಟಲಿಯ ಈ ಪಾದ್ರಿ ಬಂದ ನಾಲ್ಕೈದು ವರ್ಷದೊಳಗೆ ಕೊಂಕಣಿ ವ್ಯಾಕರಣವನ್ನೂ (1882), ಇಂಗ್ಲಿಷ್–ಕೊಂಕಣಿ ನಿಘಂಟನ್ನೂ (1883) ಬರೆದರು. ನಿಘಂಟು ಅಚ್ಚಾದದ್ದು ಎಲ್ಲಿ ಗೊತ್ತೇ? ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಪ್ರಾಟೆಸ್ಟೆಂಟರ ಶಾಲೆಗೆ ನಮ್ಮ ಮಕ್ಕಳು ಹೋಗಬಾರದು ಎಂದು ಕರೆಸಿಕೊಂಡ ಪಾದ್ರಿಯ ಪುಸ್ತಕ ಪ್ರಾಟೆಸ್ಟೆಂಟರ ಅಚ್ಚುಕೂಟದಲ್ಲಿ! ಊರಿನ ಬದುಕು ಅಂದರೆ ಹೀಗೇ ಅಲ್ವಾ, ವೇದಿಕೆಯ ಮೇಲೆ ಜಗಳ, ವ್ಯವಹಾರದಲ್ಲಿ ದೋಸ್ತಿ.

ಇನ್ನೊಬ್ಬರ ಹೆಸರು ನಿಮಗೆ ಆಸ್ಪತ್ರೆಯ ಬೋರ್ಡಿನಲ್ಲಿ ಪರಿಚಯ: ಫಾದರ್ ಮುಲ್ಲರ್. ಆಗಸ್ಟಸ್ ಮುಲ್ಲರ್ ಜರ್ಮನ್. ಅವರೂ ಮೊದಲ ತಂಡದಲ್ಲೇ ಬಂದವರು, ಹೊಸ ಕಾಲೇಜಿನಲ್ಲಿ ಮೇಷ್ಟ್ರಾದರು. ಹೋಮಿಯೋಪಥಿ ಔಷಧ ಕೊಡುವ ಅಭ್ಯಾಸ ಅವರಿಗಿತ್ತು. ಅದೇ 1880ರಲ್ಲಿ ಶುರುವಾದ ಅವರ ಬಡವರ ಔಷಧಾಲಯವೇ ಮುಂದೆ ಬೆಳೆದು ಕಂಕನಾಡಿಯ ದೊಡ್ಡ ಆಸ್ಪತ್ರೆಯಾಯಿತು. ಕುಷ್ಠರೋಗಿಗಳಿಗೆ ಆಶ್ರಯವನ್ನು 1890ರಲ್ಲಿ ತೆರೆದರು. ಮಂಗಳೂರಿನ ಒಂದು ಆಸ್ಪತ್ರೆಯ ಮೂಲ ಹುಡುಕುತ್ತಾ ಹೋದರೆ ಒಬ್ಬ ಶಾಲಾ ಮೇಷ್ಟ್ರು ಸಿಗುತ್ತಾರೆ.

ಕೊಡಿಯಾಲಬೈಲಿನ ಮನೆ ಬೇಗನೇ ಸಾಲದೆ ಹೋಯಿತು. ಆಗ ಲಾರೆನ್ಸ್ ಲೋಬೊ ಪ್ರಭು ಎಂಬ ಊರಿನ ದಾನಿ ಗುಡ್ಡೆಯ ಮೇಲಿನ ಜಾಗ ಬಿಟ್ಟುಕೊಟ್ಟರು. ಇಂಗ್ಲಿಷ್ ಕಾಗದಗಳಲ್ಲಿ ಅದು 'ಇಡ್ಯಾ ಹಿಲ್'. ಪಕ್ಕದ ಈದ್ಗಾದಿಂದ ಬಂದ ಹೆಸರು. ನಾವು ಬಾವುಟಗುಡ್ಡೆ ಅನ್ನುತ್ತೇವೆ, ಬಸ್ಸಿನವರು ಲೈಟ್‌ಹೌಸ್ ಹಿಲ್ ಅನ್ನುತ್ತಾರೆ. 1837ರಲ್ಲಿ ಅಮರ ಸುಳ್ಯದ ದಂಗೆಯವರು ಮಂಗಳೂರಿಗೆ ನುಗ್ಗಿ ಬಾವುಟ ಹಾರಿಸಿದ್ದು ಇದೇ ಗುಡ್ಡೆಯಲ್ಲಿ ಎಂದು ಊರವರು ನೆನೆಯುತ್ತಾರೆ. ಈದ್ಗಾ, ದೀಪಸ್ತಂಭ, ಬಂಡಾಯದ ಬಾವುಟ, ಈಗ ಅದರ ಜೊತೆಗೆ ಪಾದ್ರಿಗಳ ಶಾಲೆ. ಒಂದು ಗುಡ್ಡೆ ಎಷ್ಟನ್ನು ಹೊರುತ್ತದೆ ನೋಡಿ. 1882ರಲ್ಲಿ ಅಡಿಗಲ್ಲು ಬಿತ್ತು. 1885ರಲ್ಲಿ ಶಾಲೆ ಗುಡ್ಡೆ ಹತ್ತಿತು.

ಅಡಿಗಲ್ಲು ಬಿದ್ದ 1882ರಲ್ಲೇ ಮದ್ರಾಸ್ ವಿಶ್ವವಿದ್ಯಾಲಯದ ಮಾನ್ಯತೆಯೂ ಸಿಕ್ಕಿ ಮೆಟ್ರಿಕ್ ನಂತರದ ಎರಡು ವರ್ಷದ ಎಫ್.ಎ. ತರಗತಿ ಸೇರಿತು. ಅದಕ್ಕೆ ಸೆಕೆಂಡ್ ಗ್ರೇಡ್ ಕಾಲೇಜು ಅನ್ನುತ್ತಿದ್ದರು. 1887ರಲ್ಲಿ ಬಿ.ಎ. ತನಕ ಏರಿ ಫಸ್ಟ್ ಗ್ರೇಡ್ ಆಯಿತು. ಅಂದರೆ ನಿಮ್ಮ ಮುತ್ತಜ್ಜ 1880ರ ದಶಕದ ಕೊನೆಗೆ ಅಲ್ಲಿದ್ದರೆ, ಅದೇ ಆವರಣದಲ್ಲಿ ಬಿ.ಎ. ಓದುವ ದೊಡ್ಡ ಹುಡುಗರೂ ಇದ್ದರು. ದೊಡ್ಡಪ್ಪನ 'ಕಾಲೇಜು' ಎಂಬ ಮಾತಿಗೆ ಇದೂ ಒಂದು ಕಾರಣ ಇರಬಹುದು. ಇದರ ನಡುವೆ 1886ರಲ್ಲಿ ಮಂಗಳೂರು ಪೂರ್ಣ ಪ್ರಮಾಣದ ಧರ್ಮಪ್ರಾಂತವಾಗಿ, ಜೆಸ್ವಿತರಲ್ಲೇ ಒಬ್ಬರಾದ ನಿಕೋಲಾ ಪಗಾನಿ ಅದರ ಮೊದಲ ಬಿಷಪ್ ಆದರು.

ಈಗ ಮತಾಂತರದ ಪ್ರಶ್ನೆ. ಇದಕ್ಕೆ ಹೌದು, ಇಲ್ಲ ಎಂದು ಒಂದು ಗೆರೆ ಎಳೆಯಲು ನಾನು ಒಪ್ಪುವುದಿಲ್ಲ. ಮಿಶನರಿಗಳು ಮತಪ್ರಚಾರಕ್ಕೂ ಬಂದವರೇ. ಹಳ್ಳಿಗಳಲ್ಲಿ, ಬಡವರ ನಡುವೆ ಆ ಕೆಲಸ ಜೆಸ್ವಿತರೂ ಮಾಡಿದರು. ಅದನ್ನು ಮುಚ್ಚಿಡಬೇಕಾಗಿಲ್ಲ, ಅವರೂ ಮುಚ್ಚಿಟ್ಟಿಲ್ಲ. ಆದರೆ ಗುಡ್ಡೆಯ ಮೇಲಿನ ಶಾಲೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಆಗಲೇ ಕ್ಯಾಥೊಲಿಕ್ ಆಗಿದ್ದ ಮನೆಗಳ ಹುಡುಗರು ಕ್ಯಾಥೊಲಿಕರಾಗಿಯೇ ಉಳಿದು, ಮೆಟ್ರಿಕ್ ಪಾಸಾಗಿ, ಕೋಟು ಹಾಕಿಕೊಂಡು ಕಚೇರಿಗೆ ಹೋಗಬೇಕು. ಅರ್ಜಿ ಹಾಕಿದ ಅಪ್ಪಂದಿರಿಗೆ ಬೇಕಾಗಿದ್ದದ್ದು ಇಷ್ಟೇ. ಹಿಂದೂ ಹುಡುಗರು ಬಂದರೆ ಫೀಸು ಬರುತ್ತದೆ, ಹಾಜರಿ ಹೆಚ್ಚುತ್ತದೆ, ಫಲಿತಾಂಶ ಚೆನ್ನಾಗಿದ್ದರೆ ಸರ್ಕಾರದ ಸಹಾಯಧನ ಗಟ್ಟಿಯಾಗುತ್ತದೆ. ಅವರನ್ನು ಎಳೆದಾಡಿ ಕೌಂಡಿನ್ಯರ ಕಾಲದ ಗಲಾಟೆ ಮತ್ತೆ ಎಬ್ಬಿಸಿದರೆ ಶಾಲೆಗೇ ಪೆಟ್ಟು. ಇಷ್ಟು ಲೆಕ್ಕ ಜೆಸ್ವಿತರಿಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಅವರನ್ನು ಬಲ್ಲವರು ನಗುತ್ತಾರೆ. ಅವರ ಶಾಲೆಗಳಲ್ಲಿ ಸಾಮಾನ್ಯವಾಗಿ ಕ್ಯಾಥೊಲಿಕ್ ಹುಡುಗರಿಗೆ ಕ್ಯಾಟೆಕಿಸಂ ಎಂಬ ಧರ್ಮದ ಪಾಠ, ಉಳಿದವರಿಗೆ ಅದೇ ಹೊತ್ತಿನಲ್ಲಿ ನೀತಿಪಾಠ.

ನಿಮ್ಮ ಹಿರಿಯರ ಕಡೆಯಿಂದಲೂ ನೋಡಿ. 1880ರ ದಶಕದಲ್ಲಿ ಪುತ್ತೂರಿನ ಒಂದು ಹವ್ಯಕ ಮನೆಗೆ ಮಗ ಇಂಗ್ಲಿಷ್ ಕಲಿಯಬೇಕು ಅನ್ನಿಸಿದರೆ ಮಂಗಳೂರಿನಲ್ಲಿ ಮುಖ್ಯವಾಗಿ ಇದ್ದದ್ದು ಮೂರು ದಾರಿ: ಸರ್ಕಾರಿ ಕಾಲೇಜಿನ ಶಾಲೆ, ಬಾಸೆಲ್ ಮಿಶನ್, ಅಲೋಶಿಯಸ್. ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲ್ ತೆರೆದದ್ದು 1891ರಲ್ಲಿ. ಅದಕ್ಕೆ ಮೊದಲು ಊರವರದ್ದೇ ಆದ ಹೈಸ್ಕೂಲ್ ಹುಡುಕಿದರೆ ಸಿಗುತ್ತಿರಲಿಲ್ಲ. ಆಮೇಲೆ ನಂಟರ ಮನೆ ಎಲ್ಲಿದೆ, ಊಟ ಎಲ್ಲಿ, ಪರಿಚಯದ ವಕೀಲರು ಯಾವ ಶಾಲೆ ಹೇಳಿದರು, ಇಂಥದ್ದೇ ತೀರ್ಮಾನ ಮಾಡುತ್ತಿತ್ತು. ಊಟದ್ದು ಸಣ್ಣ ವಿಷಯವಲ್ಲ. ಹವ್ಯಕ ಹುಡುಗ ಎಲ್ಲೆಂದರಲ್ಲಿ ಉಣ್ಣುವಂತಿರಲಿಲ್ಲ. ನಂಟರ ಮನೆಯಲ್ಲೋ, ವಾರಾನ್ನದಲ್ಲೋ ಇದ್ದು ಓದಬೇಕು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಗುಡ್ಡೆ ಹತ್ತಿ, ಇಟಲಿಯ ಪಾದ್ರಿಯ ಮುಂದೆ ಯೂಕ್ಲಿಡ್‌ನ ರೇಖಾಗಣಿತ ಒಪ್ಪಿಸಿ, ಸಂಜೆ ಇಳಿದು ಬರುವುದು. ಇದರಲ್ಲಿ ಆ ಹುಡುಗನಿಗೆ ಏನೂ ವಿಚಿತ್ರ ಕಂಡಿರಲಿಕ್ಕಿಲ್ಲ. ವಿಚಿತ್ರ ಕಾಣುವುದು ನಮಗೆ, ಈಗ.

ಇನ್ನೊಂದು ಸಣ್ಣ ತಿದ್ದುಪಡಿ. ಇದು ನೀವು ಕೇಳಿದ್ದಲ್ಲ, ಆದರೆ ಕುಟುಂಬದ ಕಥೆಗಳಲ್ಲಿ ಇದು ನುಸುಳಿಕೊಳ್ಳುತ್ತದೆ. 'ನಮ್ಮ ಅಜ್ಜ ಅಲೋಶಿಯಸ್‌ನ ಪ್ರಾರ್ಥನಾಮಂದಿರದ ಆ ಚಿತ್ರಗಳ ಕೆಳಗೆ ಓಡಾಡಿದವರು' ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಅಲೋಶಿಯಸ್ ಚಾಪೆಲ್ ಎಂಬ ಆ ಪ್ರಾರ್ಥನಾಮಂದಿರ ಕಟ್ಟಿದ್ದು 1880ರ ದಶಕದಲ್ಲೇ, ನಿಜ. ಆದರೆ ಗೋಡೆ, ಚಾವಣಿ ತುಂಬಾ ಇರುವ ಆ ಚಿತ್ರಗಳು ಆಗ ಇರಲಿಲ್ಲ. ಅವನ್ನು ಬರೆದ ಬ್ರದರ್ ಆಂತೋನಿಯೊ ಮೊಸ್ಕೆನಿ ಬೆರ್ಗಮೊ ಹತ್ತಿರದ ಸ್ಟೆಜಾನೊ ಊರಿನವರು, 1854ರಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತ ಮೇಲೆ ಜೆಸ್ವಿತ್ ಸಭೆ ಸೇರಿದರು. ಮಂಗಳೂರಿನಲ್ಲಿ ಕುಂಚ ಹಿಡಿದದ್ದು 1899ರಲ್ಲಿ, ಮುಗಿಸಲು ಎರಡು ವರ್ಷದ ಮೇಲಾಯಿತು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ನಿಮ್ಮ ಮುತ್ತಜ್ಜ 1880ರ ದಶಕದಲ್ಲಿ ಮೆಟ್ರಿಕ್ ಮುಗಿಸಿದ್ದರೆ, ಅವರು ಬಾಗಿಲಿನಿಂದ ಇಣುಕಿ ನೋಡಿದ್ದರೂ ಕಂಡದ್ದು ಬರೀ ಗೋಡೆ. ಮುಂದೆ ಯಾವುದೋ ಕೋರ್ಟು ಕೆಲಸಕ್ಕೆ ಮಂಗಳೂರಿಗೆ ಬಂದಾಗ ಹಳೇ ಶಾಲೆಯ ಕಡೆ ಹೋಗಿ ನೋಡಿ ಬೆರಗಾಗಿರಬಹುದು.

ಕೊನೆಗೆ ಹುಡುಕುವ ದಾರಿ. ಮನೆಯಲ್ಲಿ ಹಳೇ ಟ್ರಂಕು ಇದ್ದರೆ ಮೊದಲು ಅದನ್ನು ತೆರೆಯಿರಿ. ಮೆಟ್ರಿಕ್ ಸರ್ಟಿಫಿಕೇಟು ಮದ್ರಾಸ್ ವಿಶ್ವವಿದ್ಯಾಲಯದ ಹೆಸರಿನಲ್ಲಿರುತ್ತದೆ, ಶಾಲೆಯ ಹೆಸರಿನಲ್ಲಿ ಅಲ್ಲ. ಅದು ಸಿಕ್ಕಿದರೆ ಇಸವಿ ಗೊತ್ತಾಯಿತು. ಆ ಕಾಲದಲ್ಲಿ ಮೆಟ್ರಿಕ್ ಪಾಸಾದವರ ಪಟ್ಟಿಯನ್ನು ಮದ್ರಾಸ್ ಸರ್ಕಾರದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್‌ನಲ್ಲಿ ಅಚ್ಚು ಹಾಕುತ್ತಿದ್ದರು. ಚೆನ್ನೈನ ಎಗ್ಮೋರಿನಲ್ಲಿರುವ ದಾಖಲೆ ಭಂಡಾರದಲ್ಲಿ ಹಳೇ ಗೆಜೆಟ್‌ಗಳನ್ನು ವಿಚಾರಿಸಿ ನೋಡಿ. ಹುಡುಕುವಾಗ ಹೆಸರಿನ ಕಾಗುಣಿತದ ಬಗ್ಗೆ ಎಚ್ಚರ. ಈಗಿನ 'ಭಟ್' ಆಗ 'ಭಟ್ಟ', 'ಬಟ್ಟ', 'ಭುಟ್' ಏನಾಗಿಯೂ ಇರಬಹುದು. ಊರಿನ ಹೆಸರು ಮುಂದೆ, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ ಬಂದಿರಬಹುದು. ಪಟ್ಟಿಯಲ್ಲಿ ಸಿಗದಿದ್ದರೆ ಪಾಸಾಗಿಲ್ಲ ಅಂತ ತಕ್ಷಣ ತೀರ್ಮಾನಿಸಿ ಅಪ್ಪನ ಹತ್ತಿರ ಹೇಳಬೇಡಿ. ಹಿಂದಿನ, ಮುಂದಿನ ಎರಡು ವರ್ಷ ಸೇರಿಸಿ ನೋಡಿ. ಶಾಲೆಗೆ ಬರೆಯುವುದಾದರೆ ಕಾಲೇಜು ಕಚೇರಿಗಿಂತ ಹೈಸ್ಕೂಲಿನ ಹೆಡ್‌ಮಾಸ್ಟರಿಗೆ ಬರೆಯಿರಿ. ಕಾಲೇಜು ಈಗ ಡೀಮ್ಡ್ ವಿಶ್ವವಿದ್ಯಾಲಯವಾಗಿದೆ, ಹೈಸ್ಕೂಲ್ ಬೇರೆ ಕಚೇರಿ. ಸರ್ಟಿಫಿಕೇಟಿನಲ್ಲಿ ಎರಡನೇ ಭಾಷೆ ಯಾವುದು ಬರೆದಿದೆ ಎಂದು ನೋಡಿ ನನಗೂ ಒಂದು ಸಾಲು ತಿಳಿಸಿ. ಸಂಸ್ಕೃತ ಇರಬಹುದು ಅಂತ ನನ್ನ ಊಹೆ.